ಜೋಡಿ ನೃತ್ಯದಲ್ಲಿ ಆಸರೆಯೊಂದಿಗೆ ವಾಲುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಜೋಡಿ ನೃತ್ಯ ಕಲಿಯಲು ಬರುವವರಲ್ಲಿ ಬಹಳ ಮಂದಿ ಮೊದಲ ವಾರದಲ್ಲೇ ಕೇಳುವುದು ವಾಲುವ ಭಂಗಿಯ ಬಗ್ಗೆ. ಹಾಡು ಮುಗಿಯುವ ಹೊತ್ತಿಗೆ ಒಬ್ಬರು ಹಿಂದಕ್ಕೆ ವಾಲುತ್ತಾರೆ, ಇನ್ನೊಬ್ಬರು ಬೆನ್ನಿಗೆ ಕೈಕೊಟ್ಟು ನಿಲ್ಲುತ್ತಾರೆ. ಆ ಒಂದು ಕ್ಷಣದ ಮೇಲೆ ಎಲ್ಲರಿಗೂ ಆಸೆ, ಜೊತೆಗೇ ಭಯ. ಎರಡಕ್ಕೂ ಕಾರಣವಿದೆ. ವರ್ಷಗಳಿಂದ ನನ್ನ ಮುಂದೆ ಬಂದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಗಂಡು, ಹೆಣ್ಣು ಯಾರು ಯಾವ ಪಾತ್ರವನ್ನಾದರೂ ವಹಿಸಬಹುದಾದ್ದರಿಂದ ‘ವಾಲುವವರು’, ‘ಆಸರೆ ಕೊಡುವವರು’ ಎಂದಷ್ಟೇ ಕರೆದಿದ್ದೇನೆ.

ವಾಲುವವರ ಭಾರವನ್ನು ಯಾರು ಹೊರಬೇಕು?

ವಾಲುವವರೇ. ಈ ಒಂದು ಮಾತು ಮನಸ್ಸಿಗೆ ಇಳಿದರೆ ಮುಂದಿನ ಅರ್ಧದಷ್ಟು ಪ್ರಶ್ನೆಗಳು ತಾವಾಗಿಯೇ ಕರಗುತ್ತವೆ.

ಗೋಡೆಗೆ ಒರಗಿಸಿದ ಏಣಿಯನ್ನು ನೆನಪಿಸಿಕೊಳ್ಳಿ. ಏಣಿಯ ತೂಕ ಇಳಿಯುವುದು ನೆಲಕ್ಕೆ, ಅದರ ಬುಡದ ಮೂಲಕ. ಗೋಡೆ ಅದನ್ನು ಬೀಳದಂತೆ ತಡೆಯುತ್ತದೆಯೇ ಹೊರತು ಎತ್ತಿ ಹಿಡಿಯುವುದಿಲ್ಲ. ಏಣಿ ಒರಗಿ ನಿಲ್ಲುವುದು ಅದು ಗಟ್ಟಿಯಾಗಿರುವುದರಿಂದ. ಹಗ್ಗವನ್ನು ಯಾರೂ ಗೋಡೆಗೆ ಒರಗಿಸಲಾರರು. ವಾಲುವವರು ಏಣಿಯಂತಿರಬೇಕು, ಆಸರೆ ಕೊಡುವವರು ಗೋಡೆಯಂತಿರಬೇಕು. ವಾಲುವವರು ಮೈ ಸಡಿಲಬಿಟ್ಟು ಹಗ್ಗವಾದ ಗಳಿಗೆಯಲ್ಲಿ ಆಸರೆ ಕೊಡುವವರು ಹೊರೆಯಾಳು ಆಗಿಬಿಡುತ್ತಾರೆ. ಬೆನ್ನು ಉಳುಕುವುದು, ಕೈ ಜಾರುವುದು, ಇಬ್ಬರೂ ಕುಸಿಯುವುದು ಎಲ್ಲ ಅಲ್ಲಿಂದಲೇ ಶುರು.

‘ನನ್ನನ್ನು ನಂಬಿ, ಪೂರ್ತಿ ಮೈಬಿಟ್ಟುಬಿಡಿ’ ಎಂದು ಹೇಳುವವರನ್ನು ಕಂಡಿದ್ದೇನೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಆದರೂ ಅದು ತಪ್ಪು ಪಾಠ. ನಂಬಿಕೆ ಬೇಕು, ನಿಜ. ಆದರೆ ನಂಬಿಕೆಯ ಹೆಸರಿನಲ್ಲಿ ಸ್ವಂತ ಕಾಲನ್ನು ಮರೆಯಬಾರದು.

ಹಾಗಿದ್ದರೂ ಕೈಗೆ ಸ್ವಲ್ಪ ಭಾರ ಬಂದೇ ಬರುತ್ತದಲ್ಲ, ಎಷ್ಟು?

ಲೆಕ್ಕ ಹಾಕಿ ನೋಡಬಹುದು. 60 ಕಿಲೋ ತೂಕದವರು ಮೈಯನ್ನು ನೆಟ್ಟಗಿಟ್ಟುಕೊಂಡು ಹಿಮ್ಮಡಿಯ ಮೇಲೆ ಹಿಂದಕ್ಕೆ ವಾಲಿದರು, ಆಸರೆಯ ಕೈ ಬೆನ್ನಿನ ಮೇಲ್ಭಾಗದಲ್ಲಿದೆ ಎಂದುಕೊಳ್ಳಿ. 10 ಡಿಗ್ರಿ ವಾಲಿದಾಗ ಕೈಗೆ ಬರುವುದು ಸುಮಾರು 7 ಕಿಲೋ ಒತ್ತಡ. 30 ಡಿಗ್ರಿಗೆ ಅದು ಸುಮಾರು 20 ಕಿಲೋ, 45 ಡಿಗ್ರಿಗೆ ಹತ್ತಿರಹತ್ತಿರ 30 ಕಿಲೋ. ಅದೇ 30 ಡಿಗ್ರಿಯಲ್ಲಿ ಕೈಯನ್ನು ಬೆನ್ನಿನಿಂದ ಸೊಂಟಕ್ಕೆ ಇಳಿಸಿದರೆ 20 ಕಿಲೋ ಇದ್ದದ್ದು 27ರ ಆಚೆ ಹೋಗುತ್ತದೆ. ಕೈ ಎಲ್ಲಿಡುತ್ತೀರಿ ಎನ್ನುವುದು ಅಷ್ಟು ಮುಖ್ಯ.

ಇದು ನಿಶ್ಚಲವಾಗಿ ನಿಂತಾಗಿನ ಲೆಕ್ಕ. ಧಡಕ್ಕನೆ ವಾಲಿ ಥಟ್ಟನೆ ನಿಂತರೆ ಆ ಕ್ಷಣದ ಒತ್ತಡ ಇದಕ್ಕಿಂತ ಬಹಳ ಹೆಚ್ಚು. ವಾಲುವವರು ಮಂಡಿ ಬಾಗಿಸಿ ಸೊಂಟವನ್ನು ತಮ್ಮ ಪಾದದ ಮೇಲೆಯೇ ಉಳಿಸಿಕೊಂಡರೆ ಇದೇ ಭಾರ ಎಷ್ಟೋ ಇಳಿಯುತ್ತದೆ, ಏಕೆಂದರೆ ಆಗ ಹೊರಗೆ ಚಾಚುವುದು ಎದೆ ಮತ್ತು ತಲೆ ಮಾತ್ರ. ಅನುಭವಿಗಳ ಭಂಗಿ ಆಳವಾಗಿ ಕಂಡರೂ ಹಗುರವಾಗಿರುವ ಗುಟ್ಟು ಇದೇ.

ಆಸರೆಯ ಕೈ ಎಲ್ಲಿರಬೇಕು?

ಎರಡು ಹೆಗಲ ಮೂಳೆಗಳ ಮೇಲೆ ಹರಡಿಕೊಂಡಂತೆ, ಅಂಗೈ ಪೂರ್ತಿ ತಾಗುವಂತೆ, ಬೆರಳುಗಳು ಒಟ್ಟಿಗೆ. ಮುಂಗೈಯೂ ಬೆನ್ನಿಗೆ ಒತ್ತಿಕೊಂಡರೆ ಇನ್ನೂ ಒಳ್ಳೆಯದು. ಕುತ್ತಿಗೆಯ ಹಿಂದೆ ಕೈ ಎಂದೂ ಬೇಡ. ಸೊಂಟದ ಕುಳಿಯಲ್ಲಿ ಮಾತ್ರ ಕೈಯಿಟ್ಟರೆ ಬೆನ್ನು ಆ ಜಾಗದಲ್ಲಿ ಮಡಚಿಕೊಳ್ಳುತ್ತದೆ; ಒಂದೇ ಕೀಲಿನ ಮೇಲೆ ಎಲ್ಲ ಭಾರ ಬಿದ್ದು ಮರುದಿನ ನೋವು ಕಾಣಿಸುತ್ತದೆ. ಪಕ್ಕೆಯನ್ನು ಬೆರಳ ತುದಿಯಿಂದ ಚಿವುಟಿದಂತೆ ಹಿಡಿಯುವುದೂ ಬೇಡ, ಅದು ಆಸರೆಯೂ ಅಲ್ಲ, ಹಿತವೂ ಅಲ್ಲ.

ಆಸರೆ ಕೊಡುವವರು ಹೇಗೆ ನಿಲ್ಲಬೇಕು?

ಅಗಲವಾಗಿ, ತಗ್ಗಾಗಿ, ಹತ್ತಿರವಾಗಿ. ವಾಲುವ ದಿಕ್ಕಿಗೆ ಒಂದು ದೊಡ್ಡ ಹೆಜ್ಜೆ ಇಟ್ಟು ಆ ಮಂಡಿಯನ್ನು ಬಾಗಿಸಿ. ಮಂಡಿ ಕಾಲ್ಬೆರಳುಗಳ ದಿಕ್ಕಿನಲ್ಲೇ ಇರಲಿ, ಒಳಕ್ಕೆ ಕುಸಿಯದಿರಲಿ. ಸಂಗಾತಿ ಕೆಳಗೆ ಹೋದಷ್ಟೂ ನೀವು ಮಂಡಿಯಿಂದ ತಗ್ಗಬೇಕು.

ನಾನು ಅತಿ ಹೆಚ್ಚು ತಿದ್ದುವ ತಪ್ಪು ಸೊಂಟದಿಂದ ಮುಂದಕ್ಕೆ ಬಾಗುವುದು. ಹಾಗೆ ಬಾಗಿದವರ ತೋಳು ಚಾಚಿಕೊಳ್ಳುತ್ತದೆ, ಸಂಗಾತಿಯ ಭಾರ ಮೈಯಿಂದ ದೂರ ಸರಿಯುತ್ತದೆ. ನೀರು ತುಂಬಿದ ಬಕೆಟ್ಟನ್ನು ಮೈಗೆ ತಾಗಿಸಿ ಹಿಡಿದು ನೋಡಿ, ಆಮೇಲೆ ಅದನ್ನೇ ಕೈ ಚಾಚಿ ಹಿಡಿದು ನೋಡಿ. ಬಕೆಟ್ಟಿನ ತೂಕ ಬದಲಾಗಿರುವುದಿಲ್ಲ, ನಿಮ್ಮ ಬೆನ್ನು ಮಾತ್ರ ಬೇರೆ ಕಥೆ ಹೇಳುತ್ತದೆ. ಮೊಣಕೈ ಪಕ್ಕೆಗೆ ಹತ್ತಿರವಿರಲಿ, ಬೆನ್ನು ನೆಟ್ಟಗಿರಲಿ, ಕೆಲಸವನ್ನು ತೊಡೆಗೆ ಬಿಡಿ.

ಇನ್ನೊಂದು ಮಾತು: ನಿಮ್ಮ ಕಾಲು ನೆಲದಲ್ಲಿ ಊರಿದ ಮೇಲೆ ವಾಲುವಿಕೆ ಶುರುವಾಗಬೇಕು. ಹೆಜ್ಜೆಯೂ ವಾಲುವಿಕೆಯೂ ಒಟ್ಟಿಗೇ ನಡೆದರೆ ಒಂದು ಗಳಿಗೆ ನೀವು ಒಂಟಿ ಕಾಲಿನಲ್ಲಿ ಇಬ್ಬರನ್ನು ತಡೆದಿರುತ್ತೀರಿ.

ವಾಲುವವರು ಏನು ಮಾಡಬೇಕು? ಸುಮ್ಮನೆ ಹೋದರೆ ಸಾಲದೆ?

ಸಾಲದು. ನೋಡುವವರಿಗೆ ಸುಮ್ಮನೆ ಹೋದಂತೆ ಕಾಣುತ್ತದೆ, ಒಳಗೆ ಮೈಯೆಲ್ಲ ಕೆಲಸ ಮಾಡುತ್ತಿರುತ್ತದೆ.

ಮೊದಲು, ನಿಮ್ಮ ತೂಕ ಯಾವ ಕಾಲಿನ ಮೇಲಿದೆ ಎಂದು ನಿಮಗೆ ಖಚಿತವಾಗಿ ಗೊತ್ತಿರಬೇಕು. ಎರಡೂ ಕಾಲಿಗೆ ಅರ್ಧರ್ಧ ಹಂಚಿಕೊಂಡು ವಾಲಿದರೆ ಯಾವ ಕಾಲೂ ಹೊಣೆ ಹೊರುವುದಿಲ್ಲ. ಒಂದು ಕಾಲು ಊರಿ, ಅದರ ಮಂಡಿ ಬಾಗಿಸಿ. ಇನ್ನೊಂದು ಕಾಲು ಚಾಚಿಕೊಂಡಿರಲಿ. ಊರಿದ ಪಾದದ ಹಿಮ್ಮಡಿ ನೆಲದಲ್ಲೇ ಉಳಿಯಲಿ. ಹೊಟ್ಟೆಯನ್ನು, ಕೆಮ್ಮುವ ಮೊದಲು ತಾನಾಗಿ ಬಿಗಿಯುತ್ತದಲ್ಲ, ಅಷ್ಟು ಬಿಗಿಹಿಡಿಯಿರಿ. ಬೆನ್ನು ಹಿಂದಕ್ಕೆ ಮುರಿದುಕೊಳ್ಳುವ ಬದಲು ನೆತ್ತಿಯ ಕಡೆಗೆ ಉದ್ದವಾಗುತ್ತಾ ಹೋಗಲಿ. ಮೊದಲು ಉದ್ದವಾಗಿ, ಆಮೇಲೆ ವಾಲಿ: ಈ ಕ್ರಮದಲ್ಲಿ ಹೋದರೆ ಸೊಂಟ ಹಿಂಡಿದಂತಾಗುವುದಿಲ್ಲ.

ಉಸಿರು ಬಿಗಿಹಿಡಿಯಬೇಡಿ. ಸಂಗಾತಿಯ ಕುತ್ತಿಗೆಗೆ ಜೋತುಬೀಳಬೇಡಿ. ನಿಮ್ಮ ಕೈ ಅವರ ಹೆಗಲ ಹಿಂಭಾಗದಲ್ಲೋ ತೋಳಿನ ಮೇಲ್ಭಾಗದಲ್ಲೋ ಇರಲಿ. ಗಾಬರಿಯಾದಾಗ ಕೈ ತಾನಾಗಿ ಕುತ್ತಿಗೆಗೆ ಹೋಗುತ್ತದೆ, ಇದು ಎಲ್ಲರಿಗೂ ಆಗುವುದೇ. ಅದಕ್ಕಾಗಿಯೇ ಕೈಯ ಜಾಗವನ್ನು ಅಭ್ಯಾಸದಲ್ಲಿ ನೂರು ಸಲ ರೂಢಿಮಾಡಿಕೊಳ್ಳಬೇಕು.

ತಲೆಯನ್ನು ಹಿಂದಕ್ಕೆ ಚೆಲ್ಲಿದರೆ ಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆ. ಏಕೆ ಬೇಡ ಎನ್ನುತ್ತೀರಿ?

ವಯಸ್ಕರ ತಲೆಯ ತೂಕ ಸುಮಾರು 4ರಿಂದ 5 ಕಿಲೋ. ಅದನ್ನು ವೇಗದಲ್ಲಿ ಹಿಂದಕ್ಕೆ ಎಸೆದು ಕುತ್ತಿಗೆಯ ಸಣ್ಣ ಕೀಲುಗಳ ಬಲದಲ್ಲಿ ನಿಲ್ಲಿಸುವುದೆಂದರೆ ಏನು ಎಂದು ಯೋಚಿಸಿ. ಮಿದುಳಿಗೆ ರಕ್ತ ಒಯ್ಯುವ ನಾಳಗಳಲ್ಲಿ ಎರಡು ಆ ಕುತ್ತಿಗೆಯ ಮೂಳೆಗಳ ಒಳಗಿಂದಲೇ ಹಾದುಹೋಗುತ್ತವೆ. ತಲೆ ಬೆನ್ನಿನ ಗೆರೆಯನ್ನು ಮುಂದುವರಿಸಿದರೆ ಸಾಕು. ಸೊಬಗು ಬೇಕೆಂದರೆ ಎದೆಯನ್ನು ಮೇಲೆತ್ತಿ, ಗಲ್ಲವನ್ನು ತುಸು ಪಕ್ಕಕ್ಕೆ ತಿರುಗಿಸಿ. ನೋಡುವವರ ಕಣ್ಣಿಗೆ ಅದೇ ಆಳವಾಗಿ ಕಾಣುತ್ತದೆ, ನಿಮ್ಮ ಕುತ್ತಿಗೆ ನಿಮ್ಮದಾಗಿಯೇ ಉಳಿಯುತ್ತದೆ.

ಮುಂಚೆ ಕೇಳದೆ ವಾಲಿಸಬಹುದೇ? ಅಚ್ಚರಿಯೇ ಅದರ ಚೆಲುವಲ್ಲವೇ?

ಬೇಡ. ಇದರಲ್ಲಿ ನಾನು ಒಂದಿಷ್ಟೂ ಸಡಿಲಗೊಳ್ಳುವುದಿಲ್ಲ.

1945ರ ಆಗಸ್ಟ್ 14ರಂದು ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ ಆಲ್ಫ್ರೆಡ್ ಐಸೆನ್‌ಸ್ಟಾಟ್ ತೆಗೆದ ಛಾಯಾಚಿತ್ರವನ್ನು ನೀವು ನೋಡಿರುತ್ತೀರಿ: ಯುದ್ಧ ಮುಗಿದ ಸಂಭ್ರಮದಲ್ಲಿ ನಾವಿಕನೊಬ್ಬ ಬಿಳಿ ಉಡುಪಿನ ಮಹಿಳೆಯನ್ನು ಹಿಂದಕ್ಕೆ ವಾಲಿಸಿ ಮುತ್ತಿಡುತ್ತಿದ್ದಾನೆ. ಎಷ್ಟೋ ಜೋಡಿಗಳು ಆ ಭಂಗಿಯನ್ನೇ ಬೇಕೆಂದು ಕೇಳುತ್ತವೆ. ನೃತ್ಯ ಕಲಿಸುವವರ ಕಣ್ಣಿನಿಂದ ಒಮ್ಮೆ ಅದನ್ನು ನೋಡಿ. ಅವರ ತಲೆ ಅವನ ಮೊಣಕೈಯ ಮಡಿಕೆಯಲ್ಲಿ ಸಿಕ್ಕಿಕೊಂಡಿದೆ, ಸೊಂಟದಲ್ಲಿ ಬೆನ್ನು ಮಡಚಿದೆ, ಅವರ ಕೈ ಅವನನ್ನು ಹಿಡಿದುಕೊಂಡಿಲ್ಲ. ಆ ಮಹಿಳೆ ಎಂದು ಗುರುತಿಸಲಾದ ಗ್ರೆಟಾ ಫ್ರೀಡ್‌ಮನ್, ಅದು ತಮ್ಮ ಆಯ್ಕೆಯಾಗಿರಲಿಲ್ಲ, ಆತ ಬಂದು ಹಿಡಿದುಕೊಂಡ ಎಂದು ಎಷ್ಟೋ ವರ್ಷಗಳ ಬಳಿಕ ತಿಳಿಸಿದರು. ಒಪ್ಪಿಗೆಯಿಲ್ಲದ ಮೈ ಹೇಗಿರುತ್ತದೆ ಎಂದು ಆ ಚಿತ್ರದಲ್ಲೇ ಕಾಣುತ್ತದೆ.

ಒಪ್ಪಿಗೆ ಸೌಜನ್ಯದ ಮಾತು ಮಾತ್ರವಲ್ಲ, ಸುರಕ್ಷತೆಯ ಮಾತೂ ಹೌದು. ವಾಲುವುದು ಗೊತ್ತಿದ್ದವರು ಹೊಟ್ಟೆ ಬಿಗಿಹಿಡಿಯುತ್ತಾರೆ, ಕಾಲು ಊರಿಕೊಳ್ಳುತ್ತಾರೆ. ಗೊತ್ತಿಲ್ಲದವರು ಹಗ್ಗವಾಗುತ್ತಾರೆ, ಇಲ್ಲವೇ ಹೆದರಿ ಸೆಟೆದುಕೊಳ್ಳುತ್ತಾರೆ. ‘ವಾಲುವ ಹೆಜ್ಜೆ ಹಾಕೋಣವೇ? ಬೆನ್ನು, ಕುತ್ತಿಗೆಯಲ್ಲಿ ಏನಾದರೂ ತೊಂದರೆ ಇದೆಯೇ?’ ಎಂದು ನೃತ್ಯಕ್ಕೆ ಮುಂಚೆ ಕೇಳಲು ಐದು ಸೆಕೆಂಡು ಸಾಕು. ಅಪರಿಚಿತರೊಂದಿಗಿನ ಮೊದಲ ನೃತ್ಯದಲ್ಲಿ ಕೇಳುವ ಗೋಜಿಗೂ ಹೋಗಬೇಡಿ. ಒಬ್ಬರ ಸಮತೋಲ ಇನ್ನೊಬ್ಬರಿಗೆ ಅರ್ಥವಾಗಲು ಒಂದೆರಡು ಹಾಡು ಬೇಕು. ‘ಬೇಡ’ ಎಂದವರನ್ನು ಕಾರಣ ಕೇಳಬೇಡಿ.

ನೀವು ಇಷ್ಟು ಕಟ್ಟುನಿಟ್ಟಾಗಲು ಏನಾದರೂ ಆಗಿತ್ತೇ?

ಆಗಿತ್ತು. ಕಲಿಯುತ್ತಿದ್ದ ದಿನಗಳಲ್ಲಿ, ಹಾಡಿನ ಕೊನೆಯ ತಾಳಕ್ಕೆ ಹುಮ್ಮಸ್ಸು ಬಂದು ಸಂಗಾತಿಗೆ ಸುಳಿವು ಕೊಡದೆ ವಾಲಿಸಿದೆ. ಅವರ ಊರಿದ ಕಾಲಿನ ಹಿಮ್ಮಡಿ ಜಾರಿತು. ಕೈಯಲ್ಲಿ ರೇಷ್ಮೆಯ ಬಟ್ಟೆ ಸರಕ್ಕನೆ ಸರಿದುಹೋದದ್ದು ಇಂದಿಗೂ ನನ್ನ ಅಂಗೈಗೆ ನೆನಪಿದೆ. ಅವರು ಬಿದ್ದದ್ದು ಒಂದೂವರೆ ಅಡಿಯಷ್ಟೇ ಎತ್ತರದಿಂದ, ಆದರೆ ಹಿಂದಕ್ಕೆ ಕೈ ಊರಿ ಬಿದ್ದರು. ಮೂರು ವಾರ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಓಡಾಡಿದರು. ತಪ್ಪು ಪೂರ್ತಿ ನನ್ನದೇ. ಅವರು ಮತ್ತೆ ನನ್ನೊಂದಿಗೆ ನರ್ತಿಸಿದರು, ಅದು ಅವರ ದೊಡ್ಡತನ.

ಅಭ್ಯಾಸ ಎಲ್ಲಿಂದ ಶುರು ಮಾಡಬೇಕು?

ಗೋಡೆಯಿಂದ. ಗೋಡೆಗೆ ಬೆನ್ನು ಮಾಡಿ, ಹಿಮ್ಮಡಿಗೂ ಗೋಡೆಗೂ ಒಂದು ಪಾದದಷ್ಟು ಅಂತರವಿಟ್ಟು ನಿಂತು, ಮೈಯನ್ನು ಹಲಗೆಯಂತೆ ಹಿಡಿದು ನಿಧಾನವಾಗಿ ಒರಗಿ. ಹೆಗಲಿನ ಭಾಗ ಮೊದಲು ತಾಗಬೇಕು. ಪೃಷ್ಠ ಮೊದಲು ತಾಗಿದರೆ ನೀವು ಮಡಚಿಕೊಂಡಿದ್ದೀರಿ ಎಂದರ್ಥ. ಆಮೇಲೆ ಗೋಡೆಯನ್ನು ತಳ್ಳದೆ ಹೊಟ್ಟೆಯ ಬಲದಿಂದ ಮರಳಿ ನಿಲ್ಲಲು ಪ್ರಯತ್ನಿಸಿ. ಇಲ್ಲಿ ಎಷ್ಟು ಕಷ್ಟ ಎಂದು ಗೊತ್ತಾದವರು ಸಂಗಾತಿಯ ಕೈಮೇಲೆ ಅನಗತ್ಯವಾಗಿ ಭಾರ ಹಾಕುವುದಿಲ್ಲ.

ಎರಡನೆಯದು ನನಗೆ ಅತ್ಯಂತ ಪ್ರಿಯವಾದ ಅಭ್ಯಾಸ, ಎರಡು ಬೆರಳಿನ ಪರೀಕ್ಷೆ. ಆಸರೆ ಕೊಡುವವರು ಅಂಗೈಯನ್ನು ಬೆನ್ನಿನಿಂದ ಅರ್ಧ ಅಂಗುಲ ದೂರ, ಸಿದ್ಧವಾಗಿ ಹಿಡಿದುಕೊಂಡು, ಎರಡು ಬೆರಳನ್ನಷ್ಟೇ ತಾಗಿಸಬೇಕು. ವಾಲುವವರು ಮಂಡಿ ಬಾಗಿಸಿ ಹಿಂದಕ್ಕೆ ಹೋಗಲಿ. ಬೆರಳು ಬಾಗುವ ಕ್ಷಣದಲ್ಲಿ ಇಬ್ಬರೂ ನಿಲ್ಲಿ. ಇಂದಿಗೆ ನಿಮ್ಮ ಆಳ ಅಷ್ಟೇ. ಮುಂದಿನ ವಾರ ಅದು ಒಂದು ಅಂಗುಲ ಹೆಚ್ಚಬಹುದು. ನನ್ನ ತರಗತಿಯಲ್ಲಿ ಒಮ್ಮೆ ತೀರಾ ಹೆದರುತ್ತಿದ್ದ ಕಲಿಕಾರ್ಥಿಯೊಬ್ಬರು ಇದನ್ನು ಮಾಡುತ್ತಾ ಅರ್ಧದಲ್ಲಿ ನಿಂತು, ‘ಅಯ್ಯೋ, ನನ್ನನ್ನು ನಾನೇ ಹಿಡಿದುಕೊಂಡಿದ್ದೇನೆ’ ಎಂದರು. ಅವರ ಮುಖದಲ್ಲಿ ಆಗ ಮೂಡಿದ ಬೆರಗಿಗಾಗಿಯೇ ನಾನು ಕಲಿಸುತ್ತೇನೆ.

ಇಳಿಯಲು ನಾಲ್ಕು ಎಣಿಕೆ, ಏಳಲು ನಾಲ್ಕು ಎಣಿಕೆ ಇಟ್ಟುಕೊಳ್ಳಿ. ಸಂಗೀತ ಸೇರಿಸುವುದು ಆಮೇಲೆ. ಪಾತ್ರ ಬದಲಿಸಿಯೂ ಮಾಡಿ. ಒಮ್ಮೆಯಾದರೂ ವಾಲಿ ನೋಡದವರ ಆಸರೆ ಒರಟಾಗಿರುತ್ತದೆ.

ಟ್ಯಾಂಗೋದ ವೊಲ್ಕಾದಾ, ಕೊಲ್ಗಾದಾ ಇದಕ್ಕಿಂತ ಬೇರೆಯೇ?

ಬೇರೆ. ಅರ್ಜೆಂಟೀನಾದ ಜೋಡಿ ನೃತ್ಯವಾದ ಟ್ಯಾಂಗೋದಲ್ಲಿ ಬರುವ ಎರಡು ವಾಲುವ ವರಸೆಗಳಿವು; ಎರಡೂ ಸ್ಪ್ಯಾನಿಷ್ ಹೆಸರುಗಳು. ಮೊದಲನೆಯದು ಉರುಳಿಸು ಎಂಬರ್ಥದ ಕ್ರಿಯಾಪದದಿಂದ, ಎರಡನೆಯದು ತೂಗುಹಾಕು ಎಂಬರ್ಥದ ಕ್ರಿಯಾಪದದಿಂದ ಬಂದಿವೆ. ವೊಲ್ಕಾದಾದಲ್ಲಿ ವಾಲುವವರು ಮುಂದಕ್ಕೆ, ಸಂಗಾತಿಯ ಎದೆಯ ಕಡೆಗೆ ಒರಗುತ್ತಾರೆ. ಬಿಡುವಾದ ಕಾಲು ನೆಲ ಸವರುತ್ತಾ ಅರ್ಧಚಂದ್ರ ಬಿಡಿಸುತ್ತದೆ. ಆಸರೆ ಬರುವುದು ಅಪ್ಪುಗೆಯಿಂದ, ಎದೆಯಿಂದ. ತೋಳಿನಿಂದ ಎಳೆದು ಒರಗಿಸಿದರೆ ಇಬ್ಬರ ಸೊಂಟವೂ ನೋಯುತ್ತದೆ.

ಕೊಲ್ಗಾದಾದಲ್ಲಿ ಇಬ್ಬರೂ ಹೊರಕ್ಕೆ ವಾಲುತ್ತಾರೆ, ಪಾದಗಳು ಹತ್ತಿರ, ಮೈ ದೂರ. ಇಲ್ಲಿ ಮಾತ್ರ ಮೇಲಿನ ನನ್ನ ಏಣಿ ಮತ್ತು ಗೋಡೆಯ ಹೋಲಿಕೆ ಸಾಲದು, ಏಕೆಂದರೆ ಗೋಡೆ ಇಲ್ಲ. ಒಬ್ಬರಿಗೆ ಇನ್ನೊಬ್ಬರೇ ಪ್ರತಿಭಾರ. ಒಬ್ಬರು ಕೈಬಿಟ್ಟರೆ ಇಬ್ಬರೂ ಬೀಳುತ್ತಾರೆ. ಹಾಗಾಗಿ ಹಿಡಿತ ಬದಲಿಸುವುದು, ಬೆವರು ಒರೆಸುವುದು, ನಗುತ್ತಾ ಕೈ ಸಡಿಲಿಸುವುದು ಏನಿದ್ದರೂ ಇಬ್ಬರೂ ತಮ್ಮ ತಮ್ಮ ಕಾಲಿನ ಮೇಲೆ ಮರಳಿದ ನಂತರ.

ನಮ್ಮಿಬ್ಬರ ತೂಕದಲ್ಲಿ ಬಹಳ ವ್ಯತ್ಯಾಸವಿದೆ. ಮಾಡಬಹುದೇ?

ಖಂಡಿತ. ಹೊರಕ್ಕೆ ವಾಲುವಾಗ ಭಾರದವರು ಕಡಿಮೆ ವಾಲಬೇಕು, ಅಷ್ಟೇ. ಒಬ್ಬರು 80 ಕಿಲೋ, ಇನ್ನೊಬ್ಬರು 50 ಕಿಲೋ ಇದ್ದು, ಪಾದಗಳು ಒಂದೇ ಕಡೆ ಕೂಡಿದ್ದರೆ, ಹಗುರದವರ ಮೈ 40 ಸೆಂಟಿಮೀಟರ್ ಹೊರಗೆ ಹೋದಾಗ ಭಾರದವರು 25 ಸೆಂಟಿಮೀಟರಿಗೆ ನಿಲ್ಲಬೇಕು. ತಕ್ಕಡಿಯ ಲೆಕ್ಕವೇ ಇದು. ಹಿಂದಕ್ಕೆ ವಾಲುವ ಭಂಗಿಯಲ್ಲಿ ತೂಕಕ್ಕಿಂತ ವಾಲುವವರ ಕಾಲಿನ ಬಲ ಮುಖ್ಯ. ತಮ್ಮನ್ನು ತಾವು ಹಿಡಿದುಕೊಳ್ಳಬಲ್ಲ 90 ಕಿಲೋದವರಿಗೆ ಆಸರೆಯಾಗುವುದು, ಮೈಬಿಡುವ 45 ಕಿಲೋದವರಿಗೆ ಆಸರೆಯಾಗುವುದಕ್ಕಿಂತ ಸುಲಭ. ‘ನಾನು ದಪ್ಪ, ನನಗೆ ಇದು ಆಗದು’ ಎಂದು ಹಿಂಜರಿಯುವವರಿಗೆ ಈ ಮಾತನ್ನು ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ.

ವಾಲುವುದಕ್ಕೂ ಎತ್ತುವುದಕ್ಕೂ ಗೆರೆ ಎಲ್ಲಿದೆ?

ವಾಲುವವರ ಎರಡೂ ಪಾದ ನೆಲ ಬಿಟ್ಟರೆ ಅದು ಎತ್ತುವಿಕೆ. ಅದು ಬೇರೆಯೇ ವಿದ್ಯೆ, ಬೇರೆಯೇ ತಯಾರಿ. ಲಿಂಡಿ ಹಾಪ್ ಎಂಬ ಅಮೆರಿಕದ ಜೋಡಿ ನೃತ್ಯದಲ್ಲಿ ಸಂಗಾತಿಯನ್ನು ಗಾಳಿಯಲ್ಲಿ ತಿರುಗಿಸುವ ವರಸೆಯನ್ನು 1935ರಲ್ಲಿ ನ್ಯೂಯಾರ್ಕಿನ ಸವಾಯ್ ಬಾಲ್‌ರೂಮ್ ಎಂಬ ನೃತ್ಯಮಂದಿರಕ್ಕೆ ತಂದವರು ಎಂದು ಹೆಸರಾದ ಫ್ರಾಂಕಿ ಮ್ಯಾನಿಂಗ್ ಮತ್ತು ಅವರ ಸಂಗಾತಿ ಫ್ರೀಡಾ ವಾಷಿಂಗ್ಟನ್ ಅದಕ್ಕೂ ಮುನ್ನ ಹಾಸಿಗೆ ಹಾಸಿಕೊಂಡು ಅಭ್ಯಾಸ ಮಾಡಿದ್ದರು. ಅವರಿಗೇ ಹಾಸಿಗೆ ಬೇಕಾಗಿತ್ತು.

ಜಾರಿದರೆ ಏನು ಮಾಡಬೇಕು?

ಆಸರೆ ಕೊಡುವವರು ಎಳೆದು ನಿಲ್ಲಿಸಲು ಹೋಗಬಾರದು. ಸಂಗಾತಿಯನ್ನು ಮೈಗೆ ಹತ್ತಿರ ತಂದುಕೊಂಡು ಮಂಡಿಯೂರುತ್ತಾ ಅವರೊಂದಿಗೇ ಕೆಳಗಿಳಿಯಿರಿ. ಬೀಳುವುದನ್ನು ಕೂರಿಸುವುದಾಗಿ ಮಾರ್ಪಡಿಸಿದರೆ ಪೆಟ್ಟಿಲ್ಲ. ವಾಲುವವರು ಗಲ್ಲವನ್ನು ಎದೆಗೆ ಒತ್ತಿಕೊಳ್ಳಬೇಕು, ನೆಟ್ಟಗೆ ಚಾಚಿದ ಕೈಯನ್ನು ಹಿಂದಕ್ಕೆ ಊರಬಾರದು. ಇದನ್ನೂ ಚಾಪೆಯ ಮೇಲೆ ಬೇಕೆಂದೇ ಕೆಲವು ಸಲ ಮಾಡಿ ನೋಡಿ.

ಅಭ್ಯಾಸದಲ್ಲಿ ಒಂದು ಸಂಜ್ಞೆ ಗೊತ್ತುಮಾಡಿಕೊಳ್ಳಿ. ಸಂಗಾತಿಯ ತೋಳಿಗೆ ಎರಡು ಸಲ ತಟ್ಟಿದರೆ ‘ಸಾಕು, ಮೇಲೆ’ ಎಂದರ್ಥ.

ಪಾದರಕ್ಷೆ, ಉಡುಪು, ನೆಲ?

ನೃತ್ಯಕ್ಕೆ ಹೊಲಿದ ಸ್ವೇಡ್ (ನವಿರು ಜುಂಗಿನ ಚರ್ಮ) ಅಡಿಯ ಪಾದರಕ್ಷೆ ಒಳ್ಳೆಯದು, ಆದರೆ ಅದರ ಅಡಿ ಒದ್ದೆಯಾದರೆ ನೆಚ್ಚಬೇಡಿ. ರಬ್ಬರ್ ಅಡಿಯಲ್ಲಿ ತಿರುಗುತ್ತಾ ವಾಲಿದರೆ ಪಾದ ಅಂಟಿಕೊಂಡು ಮಂಡಿ ತಿರುಚುತ್ತದೆ. ಜಾರುವ ಬಟ್ಟೆಯ ಮೇಲೆ ಕೈ ನಿಲ್ಲುವುದಿಲ್ಲ, ಮೇಲೆ ಹೇಳಿದೆನಲ್ಲ. ಕೈಗಡಿಯಾರ, ದೊಡ್ಡ ಉಂಗುರ ಬೆನ್ನಿಗೆ ಒತ್ತುತ್ತವೆ, ತೆಗೆದಿಡಿ. ಉದ್ದ ಕೂದಲನ್ನು ಕಟ್ಟಿಕೊಳ್ಳಿ. ಆಸರೆಯ ಕೈ ಮತ್ತು ಬೆನ್ನಿನ ನಡುವೆ ಜಡೆ ಸಿಕ್ಕಿಕೊಂಡರೆ ಏಳುವಾಗ ತಲೆ ಹಿಂದಕ್ಕೆ ಜಗ್ಗುತ್ತದೆ.

ಜನ ತುಂಬಿದ ನೆಲದಲ್ಲಿ ವಾಲುವುದೇ ಬೇಡ. ವಾಲುವವರಿಗೆ ಹಿಂದೆ ಕಾಣುವುದಿಲ್ಲ, ಅವರ ತಲೆ ಹೋಗುವ ಎತ್ತರದಲ್ಲಿ ಬೇರೆಯವರ ಮೊಣಕೈಗಳು ಓಡಾಡುತ್ತಿರುತ್ತವೆ. ಅವರ ಪರವಾಗಿ ನೋಡುವ ಹೊಣೆ ಆಸರೆ ಕೊಡುವವರದು.

ಯಾರು ಇದನ್ನು ಮಾಡಬಾರದು?

ಕುತ್ತಿಗೆ ಅಥವಾ ಬೆನ್ನಿಗೆ ಇತ್ತೀಚೆಗೆ ಪೆಟ್ಟಾದವರು, ಮೂಳೆ ಸವೆತವಿರುವವರು, ಹತೋಟಿಗೆ ಬಾರದ ರಕ್ತದೊತ್ತಡವಿರುವವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಗ್ಲಾಕೋಮಾ ಇರುವವರಿಗೆ ತಲೆ ತಗ್ಗಾಗುವ ಭಂಗಿಯಲ್ಲಿ ಕಣ್ಣಿನೊಳಗಿನ ಒತ್ತಡ ಏರುತ್ತದೆ. ಒಳಕಿವಿಯ ತೊಂದರೆಯಿಂದ ತಲೆಸುತ್ತು ಬರುವವರಿಗೆ ತಲೆ ಹಿಂದಕ್ಕೆ ವಾಲಿದ ಕೂಡಲೇ ಸುತ್ತು ಕೆರಳಬಹುದು. ಗರ್ಭಿಣಿಯರಲ್ಲಿ ಸಮತೋಲದ ಕೇಂದ್ರ ಸರಿಯುತ್ತಾ ಹೋಗುತ್ತದೆ, ಕೀಲುಗಳ ಬಿಗಿ ಸಡಿಲುತ್ತದೆ; ಆ ತಿಂಗಳುಗಳಲ್ಲಿ ವಾಲುವುದನ್ನು ಬಿಟ್ಟು ಉಳಿದ ಹೆಜ್ಜೆಗಳನ್ನು ಆನಂದಿಸಿ. ವಾಲಿದಾಗ ಕೈ ಜೋಮು ಹಿಡಿದರೆ, ಕಾಲಿನ ಉದ್ದಕ್ಕೂ ಮಿಂಚಿದಂತೆ ನೋವು ಹರಿದರೆ ಅಂದಿನ ಅಭ್ಯಾಸ ಅಲ್ಲಿಗೆ ಮುಗಿಯಿತು, ವೈದ್ಯರನ್ನು ಕಾಣಿ.

ವಾಲಿರುವಾಗಲೇ ಹಾಡು ಮುಗಿದುಬಿಟ್ಟರೆ?

ಹೆಚ್ಚಿನ ಪೆಟ್ಟುಗಳು ಇಲ್ಲೇ ಆಗುವುದು. ಹಾಡು ನಿಂತಿತು, ಚಪ್ಪಾಳೆ ಬಿತ್ತು, ಆಸರೆ ಕೊಡುವವರ ಗಮನ ಸಭೆಯ ಕಡೆ ಹೋಯಿತು, ಸಂಗಾತಿಯನ್ನು ಒಂದೇ ಸಲಕ್ಕೆ ಎಳೆದು ನಿಲ್ಲಿಸಿದರು. ಹಾಗೆ ಮಾಡಬೇಡಿ. ಮೌನದಲ್ಲೇ ಮನಸ್ಸಿನೊಳಗೆ ನಾಲ್ಕು ಎಣಿಸಿ. ಮೊದಲು ನಿಮ್ಮ ಮಂಡಿ ನೆಟ್ಟಗಾಗಲಿ, ಅದರೊಂದಿಗೆ ಸಂಗಾತಿಯ ಸೊಂಟ, ಬೆನ್ನು, ಕೊನೆಗೆ ತಲೆ ಮೇಲೆ ಬರಲಿ. ಅವರು ಎರಡೂ ಕಾಲಿನ ಮೇಲೆ ನಿಂತು, ಒಂದು ಉಸಿರು ತೆಗೆದುಕೊಂಡ ಮೇಲೆ ಕೈ ಬಿಡಿ.